ಬನದ ಹುಣ್ಣಿಮೆಯಿಂದ ಹೋಳಿಯವರೆಗೆ: ಬಾದಾಮಿ ಗುಡ್ಡದಲ್ಲಿ ವಸಂತದ ಮೊದಲ ಪಾತರಗಿತ್ತಿಗಳು

ಬಾದಾಮಿ ಸೀಮೆಯಲ್ಲಿ ಪಾತರಗಿತ್ತಿ ಕಾಣದ ತಿಂಗಳಿಲ್ಲ. ಡಿಸೆಂಬರಿನ ಚಳಿಯಲ್ಲೂ ಪಾಳು ಜಾಗದ ಎಕ್ಕೆ ಗಿಡಗಳ ಸುತ್ತ ಪ್ಲೇನ್ ಟೈಗರ್ ಸುಳಿದಾಡುತ್ತಿರುತ್ತದೆ, ಕೆರೆಯ ದಂಡೆಯಲ್ಲಿ ಪೀಕಾಕ್ ಪ್ಯಾನ್ಸಿ ಬಿಸಿಲು ಕಾಯಿಸುತ್ತಿರುತ್ತದೆ. ಹಿಮ ಬೀಳುವ ಯುರೋಪಿನಂಥ ಕಡೆ ಲೆಕ್ಕ ಸರಳ: ಚಳಿಗಾಲವಿಡೀ ಪೊದೆಯೊಳಗೆ ಅಡಗಿದ್ದ ಬ್ರಿಮ್‌ಸ್ಟೋನ್ ಬಿಸಿಲಿಗೆ ಹೊರಬಂದರೆ ಅದೇ ವರ್ಷದ ಮೊದಲನೆಯದು. ನಮ್ಮಲ್ಲಿ ಹಾಗೆ ಎಣಿಸಲು ಬರುವುದಿಲ್ಲ. ಫೆಬ್ರುವರಿಯಲ್ಲಿ ಕಾಣುವ ಎಷ್ಟೋ ಪಾತರಗಿತ್ತಿಗಳು ಹಿಂದಿನ ಮಳೆಗಾಲದ ಕೊನೆಯಲ್ಲಿ ಹುಟ್ಟಿ ಚಳಿ ಕಳೆದ ಹಳಬರು. ಹುಡುಕಬೇಕಾದ್ದು ಹೊಸ ಚಿಗುರು ತಿಂದು ಬೆಳೆದು ಈಗಷ್ಟೇ ಕೋಶ ಒಡೆದು ಬಂದವನ್ನು. ಆದ್ದರಿಂದ ಮೊದಲು ನೋಡಬೇಕಾದ್ದು ರೆಕ್ಕೆಯ ಬಣ್ಣವನ್ನಲ್ಲ, ಅಂಚನ್ನು.

ಹೊಸ ರೆಕ್ಕೆಯ ಹೊರ ಅಂಚಿಗೆ ಸಣ್ಣ ಕೂದಲಿನ ಸಾಲು ಇರುತ್ತದೆ, ಇಳಕಲ್ ಸೀರೆಯ ಸೆರಗಿನ ಕುಚ್ಚಿನಂತೆ ಒಂದೇ ಸಮ. ಕೆಲವೇ ದಿನ ಮುಳ್ಳುಪೊದೆಯಲ್ಲಿ ಓಡಾಡಿದರೂ ಈ ಸಾಲು ಅಲ್ಲಲ್ಲಿ ಉದುರುತ್ತದೆ. ಆಮೇಲೆ ರೆಕ್ಕೆ ಮೇಲಿನ ಪುಡಿಯಂಥ ಹುರುಪೆ ಸವೆದು ರೆಕ್ಕೆ ಮಾಸುತ್ತದೆ. ಕಪ್ಪು ಕಂದಾಗುತ್ತದೆ, ಹಳದಿ ಬಿಳಚಿಕೊಳ್ಳುತ್ತದೆ. ಅಂಚು ಹರಿದಿದ್ದರೆ ಮಾತ್ರ ಕೂಡಲೇ ‘ಹಳೆಯದು’ ಎಂದು ಬರೆಯಬಾರದು. ಎಡಬಲ ಎರಡೂ ರೆಕ್ಕೆಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಆಕಾರದ ಕಚ್ಚು ಇದ್ದರೆ ಅದು ರೆಕ್ಕೆ ಮಡಿಸಿ ಕೂತಾಗ ಹಕ್ಕಿ ಅಥವಾ ಓತಿಕ್ಯಾತ ಕಚ್ಚಿದ್ದು. ನಿನ್ನೆ ಹುಟ್ಟಿದ್ದಕ್ಕೂ ಆ ಗತಿ ಬರಬಹುದು. ಬಣ್ಣ ಗಾಢವಾಗಿದ್ದು, ಉಳಿದ ಅಂಚಿನ ಕುಚ್ಚು ಪೂರ್ತಿ ಇದ್ದರೆ ಹೊಸದೆಂದೇ ಲೆಕ್ಕ. ಮೊಬೈಲ್ ಫೋಟೋ ಹಿಗ್ಗಿಸಿ ನೋಡಿದರೂ ಇಷ್ಟು ತಿಳಿಯುತ್ತದೆ. ಈ ಪರೀಕ್ಷೆ ಮಾಡದೆ ಬರೆದ ‘ಮೊದಲ ದರ್ಶನ’ದ ತಾರೀಕುಗಳನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾಲಕ್ಕೆ ಇಂಗ್ಲಿಷ್ ಕ್ಯಾಲೆಂಡರಿಗಿಂತ ಇಲ್ಲಿನ ಹುಣ್ಣಿಮೆಗಳು ಹೆಚ್ಚು ಅನುಕೂಲ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ನಡೆಯುವಾಗ ಬೆಳಗಿನ ಚಳಿ ಇನ್ನೂ ಗಟ್ಟಿ ಇರುತ್ತದೆ. ಆಗ ಸಿಗುವವು ಹೆಚ್ಚಾಗಿ ಟೈಗರ್, ಕಾಮನ್ ಕ್ರೋ, ಬಣ್ಣಗೆಟ್ಟ ಪ್ಯಾನ್ಸಿಗಳು. ಭಾರತ ಹುಣ್ಣಿಮೆ ದಾಟಿ, ಬಿಳಿಜೋಳ ಕಿತ್ತು ಹೊಲ ಬಯಲಾಗುವ ಹೊತ್ತಿಗೆ ಬೇಲಿಯ ಮುಳ್ಳುಗಿಡಗಳು ಚಿಗುರತೊಡಗುತ್ತವೆ. ಶಿವರಾತ್ರಿಯ ಆಚೀಚೆ ಹೊಸ ಬಿಳಿ, ಹಳದಿ ರೆಕ್ಕೆಗಳು ಏಳುತ್ತವೆ. ಹೋಳಿ ಹುಣ್ಣಿಮೆಗೆ ಹೊಂಗೆ ಚಿಗುರಿರುತ್ತದೆ, ಗುಡ್ಡದ ಹುಲ್ಲು ಪೂರ್ತಿ ಒಣಗಿರುತ್ತದೆ, ಮಧ್ಯಾಹ್ನದ ಬಿಸಿಲು 36–37 ಡಿಗ್ರಿಗೆ ಬಂದಿರುತ್ತದೆ. ನೋಡಲು ಒಳ್ಳೆಯ ಅವಧಿ ಭಾರತ ಹುಣ್ಣಿಮೆ ಮತ್ತು ಹೋಳಿ ಹುಣ್ಣಿಮೆಗಳ ನಡುವಿನದು. ಅಧಿಕ ಮಾಸ ಬಂದ ವರ್ಷ ಹುಣ್ಣಿಮೆಗಳು ಹಿಂದೆಮುಂದೆ ಆಗುತ್ತವೆ, ಗಿಡ ಆಗುವುದಿಲ್ಲ. ಹಾಗಾಗಿ ಕೊನೆಯ ಮಾತು ಗಿಡದ್ದೇ.

ಗಿಡ ಅಂದರೆ ಇಲ್ಲಿ ಮೊದಲ ಹೆಸರು ಕ್ಯಾಪಾರಿಸ್. ಹೊಲದ ಬದುವಿನಲ್ಲಿ, ಗುಡ್ಡದ ಬುಡದಲ್ಲಿ, ಹಳೆಯ ಕಲ್ಲು ಪೌಳಿಗಳ ಮೇಲೆ ಹಬ್ಬುವ ಕೊಕ್ಕೆಮುಳ್ಳಿನ ಪೊದೆ. ಎಲೆಯ ಬುಡದಲ್ಲಿ ಹಿಂದಕ್ಕೆ ಬಾಗಿದ ಜೋಡಿ ಮುಳ್ಳು ಇದ್ದು, ಬಟ್ಟೆ ಹಿಡಿದರೆ ಬಿಡುವುದಿಲ್ಲ. ಇದರ ಚಿಗುರನ್ನು ನಂಬಿ ಬದುಕುವ ಪಾತರಗಿತ್ತಿಗಳು ಪಯೊನೀರ್, ಕಾಮನ್ ಗಲ್, ವೈಟ್ ಆರೆಂಜ್ ಟಿಪ್, ಯೆಲ್ಲೋ ಆರೆಂಜ್ ಟಿಪ್. ಅದೇ ಕುಟುಂಬದ, ಮುಳ್ಳಿಲ್ಲದ ಕಡಾಬಾ ಗಿಡದ ಮೇಲೆ ಕ್ರಿಮ್ಸನ್ ಟಿಪ್ ಮತ್ತು ಸ್ಮಾಲ್ ಆರೆಂಜ್ ಟಿಪ್ ಬೆಳೆಯುತ್ತವೆ. ಒಣ ಸೀಮೆಯ ವಸಂತವೆಂದರೆ ಮುಖ್ಯವಾಗಿ ಇವೇ. ಮಲೆನಾಡಿನ ಚಿತ್ರಗಳನ್ನು ನೋಡಿ ಬಂದವರು ದೊಡ್ಡ ಬಾಲದ ಸ್ವಾಲೋಟೇಲ್‌ಗಳನ್ನು ನಿರೀಕ್ಷಿಸಿ ನಿರಾಶರಾಗುತ್ತಾರೆ. ಇಲ್ಲಿನ ಐಶ್ವರ್ಯ ಬೇಲಿಯಲ್ಲಿದೆ.

ಪೊದೆಯ ಎಲ್ಲಾ ಕೊಂಬೆ ನೋಡುವ ಅಗತ್ಯವಿಲ್ಲ. ಬೆರಳಿಗೆ ಮೆತ್ತಗೆ ಹತ್ತುವ, ಇನ್ನೂ ಎಳೆ ಹಸಿರಿನ ಅಥವಾ ಕೆಂಪು ಛಾಯೆಯ ತುದಿ ಎಲ್ಲಿದೆಯೋ ಅಲ್ಲಿ ಹೆಣ್ಣು ಮೊಟ್ಟೆ ಇಡುತ್ತದೆ. ಹಳೆಯ, ತೊಗಲಿನಂತೆ ದಪ್ಪಗಾದ ಎಲೆಯನ್ನು ಮರಿಹುಳು ಕಚ್ಚಲಾರದು. ಎಲೆ ಎಲೆಯ ಮೇಲೂ ಒಂದು ಕ್ಷಣ ಮುಂಗಾಲಿನಿಂದ ತಟ್ಟಿ ಮುಂದಕ್ಕೆ ಹೋಗುವ ಹೆಣ್ಣು ಹೂವು ಹುಡುಕುತ್ತಿಲ್ಲ, ರುಚಿ ಪರೀಕ್ಷಿಸುತ್ತಿದೆ. ಪಾತರಗಿತ್ತಿಗೆ ಕಾಲಿನಲ್ಲೇ ರುಚಿ ತಿಳಿಯುತ್ತದೆ. ಆಗ ಹತ್ತಿರ ಹೋಗದೆ ನಿಂತು ನೋಡಿ, ಅದು ಹೊಟ್ಟೆ ಬಾಗಿಸಿದ ಜಾಗ ಗುರುತಿಟ್ಟುಕೊಂಡರೆ ಮೊಟ್ಟೆ ತಾನಾಗಿ ಸಿಗುತ್ತದೆ.

ಇನ್ನು ಹೊತ್ತು. ಸೂರ್ಯ ಹುಟ್ಟುವುದು ಸುಮಾರು ಏಳಕ್ಕೆ ಎಂದು ಏಳಕ್ಕೇ ಹೋದವರು ಖಾಲಿ ಪೊದೆ ನೋಡಿ ಬರುತ್ತಾರೆ. ಹಾರಲು ಬೇಕಾದ ಎದೆಯ ಸ್ನಾಯು ಸುಮಾರು 30 ಡಿಗ್ರಿಗೆ ಬಿಸಿಯಾಗುವ ತನಕ ಬಹುತೇಕ ಪಾತರಗಿತ್ತಿಗಳು ಸರಿಯಾಗಿ ಏಳಲಾರವು. ಅವುಗಳ ಮೈಗೆ ಆ ಶಾಖ ಹೊರಗಿನಿಂದಲೇ ಬರಬೇಕು. ಬಾದಾಮಿಯ ಕೆರೆ ಅಗಸ್ತ್ಯ ತೀರ್ಥದ ಸುತ್ತ ಮೂರು ಕಡೆ ಬಂಡೆಗೋಡೆ ಇರುವುದರಿಂದ, ಅದರಲ್ಲೂ ಪೂರ್ವಕ್ಕೆ ಭೂತನಾಥ ಗುಡಿಯ ಹಿಂದೆ ಗುಡ್ಡ ಇರುವುದರಿಂದ, ಕಣಿವೆಯೊಳಗೆ ಬಿಸಿಲು ತಡವಾಗಿ ಇಳಿಯುತ್ತದೆ. ಮೇಣಬಸದಿ ಎಂಬ ಗುಹಾಲಯಗಳನ್ನು ನೋಡಲು ಬಂದ ಪ್ರವಾಸಿಗರಿಗೆ ಅದು ಹಿತ, ನಮ್ಮ ಕೆಲಸಕ್ಕೆ ಅಡ್ಡಿ. ಗುಡ್ಡದ ಮೇಲಿನ ಬಯಲು ಅಥವಾ ಮಹಾಕೂಟದ ಕಡೆಗೆ ಇಳಿಯುವ ಪೂರ್ವದ ಓರೆ ಮೊದಲು ಕಾಯುತ್ತದೆ. ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡ ದಾಟಿ ಹೋಗುವ ಹಳೆಯ ಕಾಲುದಾರಿ ಇದಕ್ಕೆ ಹೇಳಿ ಮಾಡಿಸಿದ್ದು: ಕೆಂಪು ಮರಳುಗಲ್ಲಿನ ಹಾಸು, ನಡುವೆ ಕುರುಚಲು, ಕೆಳಗೆ ಸದಾ ನೀರಿರುವ ಪುಷ್ಕರಣಿ.

ಎಂಟೂವರೆಯಿಂದ ಒಂಬತ್ತರವರೆಗೆ ಕಣ್ಣು ಕಲ್ಲಿನ ಮೇಲಿರಲಿ. ಬ್ಲೂ ಪ್ಯಾನ್ಸಿ, ಯೆಲ್ಲೋ ಪ್ಯಾನ್ಸಿ ರೆಕ್ಕೆ ಪೂರಾ ಹರಡಿ ಬೆನ್ನು ಕಾಯಿಸುತ್ತವೆ. ಗ್ರಾಸ್ ಯೆಲ್ಲೋ ಮತ್ತು ಪುಟ್ಟ ನೀಲಿಗಳು ರೆಕ್ಕೆ ಮಡಿಸಿ, ಮೈ ಒಂದು ಬದಿಗೆ ವಾಲಿಸಿ ಪಕ್ಕೆ ಕಾಯಿಸುತ್ತವೆ. ಈ ಅರ್ಧ ಗಂಟೆಯಲ್ಲಿ ಅವು ಮಂದ. ಅಂಚಿನ ಪರೀಕ್ಷೆಗೂ ಫೋಟೋಗೂ ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಒಂಬತ್ತೂವರೆಯಿಂದ ಹನ್ನೊಂದೂವರೆ ಹಾರಾಟದ ಹೊತ್ತು. ಆರೆಂಜ್ ಟಿಪ್‌ಗಳನ್ನು ಆಗ ಬೆನ್ನಟ್ಟುವುದು ವ್ಯರ್ಥ. ಗಂಡು ಬೇಲಿಯ ಗುಂಟ ಮೊಳಕಾಲೆತ್ತರದಲ್ಲಿ ಹಾರುತ್ತಾ ಹೋಗಿ, ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಬೇಲಿ ತಿರುಗುವ ಮೂಲೆಯಲ್ಲಿ ನೆರಳು ಬೀಳದಂತೆ ನಿಂತರೆ ಅದೇ ಮತ್ತೆ ಎದುರಿಗೆ ಬರುತ್ತದೆ. ನಿಮ್ಮ ನೆರಳು ಕೂತ ಪಾತರಗಿತ್ತಿಯ ಮೇಲೆ ಬಿತ್ತೆಂದರೆ ಅದು ಎದ್ದಂತೆಯೇ. ಆದ್ದರಿಂದ ಸೂರ್ಯನಿಗೆ ಮುಖ ಅಥವಾ ಪಕ್ಕೆ ಮಾಡಿ ಹತ್ತಿರ ಹೋಗಬೇಕು, ಬೆನ್ನು ಮಾಡಿ ಅಲ್ಲ.

ಸಲಕರಣೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಕ್ಕಿ ನೋಡುವ 8×42 ದುರ್ಬೀನು ಇದ್ದರೆ ಅದು ಎಷ್ಟು ಹತ್ತಿರಕ್ಕೆ ಫೋಕಸ್ ಆಗುತ್ತದೆ ಎಂದು ನೋಡಿಕೊಳ್ಳಿ. 2 ಮೀಟರ್ ಒಳಗೆ ಆಗದಿದ್ದರೆ ಇದಕ್ಕೆ ಉಪಯೋಗ ಕಡಿಮೆ. ಪೆಂಟಾಕ್ಸ್ ಪ್ಯಾಪಿಲಿಯೋ ಅರ್ಧ ಮೀಟರಿಗೂ ಫೋಕಸ್ ಆಗುತ್ತದೆ. ಕ್ಯಾಮೆರಾ ಇದ್ದವರಿಗೆ 90–105 ಮಿ.ಮೀ. ಮ್ಯಾಕ್ರೋ, ಶಟರ್ 1/500ಕ್ಕಿಂತ ನಿಧಾನ ಬೇಡ. ಬಲೆ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹಲವು ಪಾತರಗಿತ್ತಿಗಳಿಗೆ ರಕ್ಷಣೆ ಇದೆ, ಯಾವುದಕ್ಕೆ ಇದೆ ಎಂದು ಬಲೆಗೆ ಬಿದ್ದ ಮೇಲೆ ನೋಡುವುದು ತಲೆಕೆಳಗಾದ ಕೆಲಸ. ತಲಾ 2 ಲೀಟರ್ ನೀರು, ಉದ್ದ ತೋಳಿನ ದಪ್ಪ ಅಂಗಿ, ಕಾಲು ಮುಚ್ಚುವ ಬೂಟು ಇರಲಿ. ಸುಗಂಧ ಹಚ್ಚಿಕೊಂಡು ಹೋಗಬಾರದು, ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಬುತ್ತಿಯ ಚೀಲವನ್ನು ಕೆಳಗಿಟ್ಟು ಕೂತರೆ ಮಂಗಗಳು ಬಿಡುವುದಿಲ್ಲ, ರೊಟ್ಟಿಯ ಜೊತೆ ಟಿಪ್ಪಣಿ ಪುಸ್ತಕವೂ ಹೋಗುತ್ತದೆ.

ಗುರುತು ಹಿಡಿಯುವುದರಲ್ಲಿ ಎಡವುವ ಜಾಗಗಳು ಬಹುತೇಕ ನಿಗದಿ. ಪಯೊನೀರ್ ಮತ್ತು ಕಾಮನ್ ಗಲ್ ಎರಡೂ ಬಿಳಿ, ಎರಡಕ್ಕೂ ಕಪ್ಪು ನರ, ಎರಡೂ ಒಂದೇ ಪೊದೆಯಲ್ಲಿ. ಪಯೊನೀರ್‌ನ ಮುಂದಿನ ರೆಕ್ಕೆಯ ನಡುಮಧ್ಯದಲ್ಲಿ, ಮೇಲಂಚಿನಿಂದ ಒಳಕ್ಕೆ ಬಾಗಿ ಬರುವ ದಪ್ಪ ಕಪ್ಪು ಪಟ್ಟಿ ಇರುತ್ತದೆ. ಗಲ್‌ಗೆ ಅದಿಲ್ಲ. ಹಾರುವಾಗಲೂ ಈ ಪಟ್ಟಿ ಕಾಣುವುದರಿಂದ ಇದೊಂದನ್ನು ಕಲಿತರೆ ಸಾಕು. ಆರೆಂಜ್ ಟಿಪ್‌ಗಳ ತೊಡಕು ಬೇರೆ. ರೆಕ್ಕೆ ಬಿಚ್ಚಿದಾಗ ಒಂದರ ಮೈಬಣ್ಣ ಬಿಳಿ, ಇನ್ನೊಂದರದು ಗಂಧಕದ ಹಳದಿ, ಗೊಂದಲವೇ ಇಲ್ಲ. ಕೂತು ರೆಕ್ಕೆ ಮಡಿಸಿದರೆ ವೈಟ್ ಆರೆಂಜ್ ಟಿಪ್‌ನ ಅಡಿಭಾಗವೂ ಹಳದಿಯಾಗಿಯೇ ಕಾಣುತ್ತದೆ, ಹೊಸಬರು ಅದನ್ನು ಯೆಲ್ಲೋ ಎಂದು ಬರೆದು ಮುಂದೆ ಹೋಗುತ್ತಾರೆ. ಕೂತದ್ದು ಏಳುವ ತನಕ ಕಾದು, ಎದ್ದ ಕ್ಷಣ ಮೇಲ್ಭಾಗ ನೋಡಿ ಬರೆಯಬೇಕು. ಸ್ಮಾಲ್ ಆರೆಂಜ್ ಟಿಪ್ ಇವೆರಡಕ್ಕಿಂತ ಸ್ಪಷ್ಟವಾಗಿ ಚಿಕ್ಕದು, ನೆಲಕ್ಕೆ ಹತ್ತಿರ. ಕ್ರಿಮ್ಸನ್ ಟಿಪ್‌ನ ತುದಿ ಕಿತ್ತಳೆಯಲ್ಲ, ಗಟ್ಟಿ ಕೆಂಪು.

ಎಮಿಗ್ರಂಟ್ ಎಂಬ ಪಾತರಗಿತ್ತಿಗಳದ್ದು ಇನ್ನೂ ತಲೆನೋವು. ಕಾಮನ್ ಎಮಿಗ್ರಂಟ್‌ನಲ್ಲೇ ಎರಡು ರೂಪ: ಒಂದಕ್ಕೆ ಮೀಸೆ ಕಪ್ಪು, ಅಡಿಭಾಗ ಬರಿದು. ಇನ್ನೊಂದಕ್ಕೆ ಮೀಸೆ ಕೆಂಪು, ಅಡಿಭಾಗದಲ್ಲಿ ಕೆಂಪು ಸುತ್ತಿನ ಬೆಳ್ಳಿ ಚುಕ್ಕೆ. ಮಾಟಲ್ಡ್ ಎಮಿಗ್ರಂಟ್‌ನ ಅಡಿಭಾಗದ ತುಂಬ ಸಣ್ಣ ಕಂದು ಗೆರೆಗಳು ಎರಚಿದಂತಿರುತ್ತವೆ, ಮೈ ತುಸು ಹಸಿರು ಬೆರೆತ ಬಿಳಿ. ಗಿಡವೂ ಸುಳಿವು ಕೊಡುತ್ತದೆ. ಮೊದಲನೆಯದು ಕಕ್ಕೆ ಮರವನ್ನು, ಎರಡನೆಯದು ಗುಡ್ಡದ ಬುಡದಲ್ಲಿ ಹಳದಿ ಹೂ ಬಿಡುವ ತಂಗಡಿಯನ್ನು ಹೆಚ್ಚು ಹುಡುಕುತ್ತದೆ. ಗ್ರಾಸ್ ಯೆಲ್ಲೋಗಳನ್ನು ಹಾರುವಾಗ ಜಾತಿವಾರು ಹೇಳುವವರ ಮಾತನ್ನು ನಾವು ನಂಬುವುದಿಲ್ಲ. ಅಡಿಭಾಗದ ಫೋಟೋ ಇಲ್ಲದಿದ್ದರೆ ‘ಗ್ರಾಸ್ ಯೆಲ್ಲೋ’ ಎಂದಷ್ಟೇ ಬರೆದು ಬಿಡುವುದು ಲೇಸು. ಎಕ್ಕೆಯ ಹತ್ತಿರದ ಪ್ಲೇನ್ ಟೈಗರ್ ಕೂಡ ಒಮ್ಮೆ ತಿರುಗಿ ನೋಡಬೇಕಾದ್ದೇ. ಹಿಂದಿನ ರೆಕ್ಕೆಯ ನಡುವೆ ಮೂರು-ನಾಲ್ಕು ಕಪ್ಪು ಚುಕ್ಕೆ ಇದ್ದರೆ ಟೈಗರ್. ಮೇಲಂಚಿನ ಹತ್ತಿರ ಒಂದೇ ಚುಕ್ಕೆ ಇದ್ದರೆ ಅದನ್ನು ಅನುಕರಿಸುವ ಡೆನೈಡ್ ಎಗ್‌ಫ್ಲೈ ಹೆಣ್ಣು. ಟೈಗರ್ ಎಕ್ಕೆಯ ವಿಷ ಉಂಡು ಬೆಳೆದದ್ದು, ಹಕ್ಕಿಗೆ ಕಹಿ. ಎಗ್‌ಫ್ಲೈ ಗೋಣಿಸೊಪ್ಪು ತಿಂದು ಬೆಳೆದ ಸಾಧು, ವೇಷ ಮಾತ್ರ ಟೈಗರ್‌ದು.

ಬಾರಿ ಗಿಡ ಮತ್ತು ಜಾಲಿಯ ಸುತ್ತಲಿನ ಪುಟ್ಟ ನೀಲಿಗಳಿಗೆ ಪ್ರತ್ಯೇಕ ತಾಳ್ಮೆ ಬೇಕು. ಬಾರಿಯ ಮೇಲೆ ಕಪ್ಪು-ಬಿಳಿ ಚುಕ್ಕೆಯ ಕಾಮನ್ ಪಿಯೆರೋ ಸುಲಭ. ಜಾಲಿ ಹೂವಿನ ಎತ್ತರದಲ್ಲಿ ಸುತ್ತುವ ಬಬೂಲ್ ಬ್ಲೂಗಳು ಕೆಳಗಿಳಿದು ಹಸಿ ನೆಲಕ್ಕೆ ಕೂರುವ ತನಕ ಹೆಸರು ಸಿಗುವುದಿಲ್ಲ.

ಗುಡ್ಡಕ್ಕೆ ಹೋಗುವ ಮೊದಲೇ ಮನೆಯಂಗಳದಲ್ಲಿ ಶುರು ಮಾಡಬಹುದು, ನಿಜ ಹೇಳಬೇಕೆಂದರೆ ಮಾಡಬೇಕು. ಮೋರಿಯ ನೀರು ಉಣ್ಣುವ ಕರಿಬೇವು, ನಿಂಬೆ ಗಿಡಗಳು ಗುಡ್ಡದ ಗಿಡಕ್ಕಿಂತ ಮುಂಚೆ ಚಿಗುರುತ್ತವೆ, ಹಾಗಾಗಿ ಲೈಮ್ ಬಟರ್‌ಫ್ಲೈ ಊರೊಳಗೆ ಮೊದಲು ಏಳುತ್ತದೆ. ಎಳೆ ಎಲೆಯ ಮೇಲೆ ಸಾಸಿವೆಗಿಂತ ಚಿಕ್ಕ, ಗುಂಡಗಿನ ತಿಳಿಹಳದಿ ಮೊಟ್ಟೆ ಒಂದೊಂದೇ ಇರುತ್ತದೆ. ಒಡೆಯುವ ಮೊದಲು ಕಪ್ಪಾಗುತ್ತದೆ. ಬೇಸಗೆಯ ಶಾಖಕ್ಕೆ ಮೂರ್ನಾಲ್ಕು ದಿನದಲ್ಲಿ ಮರಿ ಬರುತ್ತದೆ. ಮೊದಲ ನಾಲ್ಕು ಹಂತಗಳಲ್ಲಿ ಅದು ಹಕ್ಕಿಯ ಹಿಕ್ಕೆಯ ಹಾಗೆಯೇ ಕಪ್ಪು-ಬಿಳಿ, ಕೊನೆಯ ಹಂತದಲ್ಲಿ ಒಮ್ಮೆಲೇ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬು ಚಾಚಿ ಹುಳಿ ವಾಸನೆ ಬಿಡುತ್ತದೆ. ಕೋಶವಾದ ಮೇಲೆ ಬೆಚ್ಚಗಿದ್ದರೆ ಸುಮಾರು ಎಂಟು ದಿನ. ಒಟ್ಟು ನಾಲ್ಕು ವಾರ ಹಿಡಿಯಿರಿ, ಚಳಿ ಉಳಿದಿದ್ದರೆ ಅದಕ್ಕಿಂತ ಹೆಚ್ಚು. ಮೊಟ್ಟೆ ಕಂಡ ತಾರೀಕಿಗೆ ಇದನ್ನು ಕೂಡಿಸಿದರೆ ಹೊಸ ರೆಕ್ಕೆ ಯಾವ ವಾರ ಏಳಬಹುದು ಎಂಬ ಅಂದಾಜು ಕೈಯಲ್ಲಿರುತ್ತದೆ. ಗುಡಿಯ ಅಂಗಳದ ಪತ್ರಿ ಮರವೂ ಇದಕ್ಕೆ ಆಹಾರವೇ. ಆದರೆ ಶಿವರಾತ್ರಿಗೆ ಅದರಲ್ಲಿರುವುದು ಹಳೆಯ ಎಲೆ, ಅದರ ಚಿಗುರಿನ ಸರದಿ ಆಮೇಲೆ.

ನಿಂಬೆ ತೋಟ ದೊಡ್ಡದಿದ್ದರೆ ಪಾತರಗಿತ್ತಿಯೂ ಹೆಚ್ಚು ಎಂಬ ಎಣಿಕೆ ಫಲಿಸುವುದಿಲ್ಲ. ಪಕ್ಕದ ವಿಜಯಪುರ ಜಿಲ್ಲೆಯ ಇಂಡಿ ನಿಂಬೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ, ತೋಟಗಳು ಕಣ್ಣು ಹಾಯುವಷ್ಟು. ಬೆಳೆಗಾರನಿಗೆ ಈ ಹುಳು ಕೀಟ, ಚಿಗುರಿಗೆ ಔಷಧಿ ಹೊಡೆಯುತ್ತಾನೆ, ಅವನ ತಪ್ಪೂ ಅಲ್ಲ. ಔಷಧಿ ಕಾಣದ ಹಿತ್ತಲಿನ ಒಂದು ಗಿಡ ಅಂಥ ಒಂದು ತೋಟಕ್ಕಿಂತ ಹೆಚ್ಚು ಕೊಡುತ್ತದೆ.

ಹೊಂಗೆಗೆ ಬರೋಣ. ರಸ್ತೆ ಬದಿಯ ಹೊಂಗೆ ಎಲೆ ಉದುರಿಸಿ ಮಿರಿಮಿರಿ ಎಳೆ ಹಸಿರು ಹೊದೆಯುವ ವಾರಗಳಲ್ಲಿ ಅದರ ಕೆಳಗೆ ನಿಂತು ಮೇಲೆ ನೋಡಬೇಕು. ಎರಡು ಎಳೆ ಎಲೆಗಳನ್ನು ರೇಷ್ಮೆಯಲ್ಲಿ ಹೊಲಿದು ಒಳಗೆ ಕೂತಿರುವುದು ಕಾಮನ್ ಬ್ಯಾಂಡೆಡ್ ಆಲ್ ಎಂಬ ಪಾತರಗಿತ್ತಿಯ ಹುಳು. ಸಂಖ್ಯೆ ಏರಿದ ವರ್ಷ ಮರದ ಚಿಗುರನ್ನೇ ಬೋಳಿಸುತ್ತದೆ. ಹಿಂಭಾಗದಲ್ಲಿ ಎರಡು ಗಿಡ್ಡ ಕೊಳವೆ ಇರುವ ಹಸಿರು ಹುಳು ಇಂಡಿಯನ್ ಸನ್‌ಬೀಮ್‌ದು. ಹುಲ್ಲುಕಡ್ಡಿಯಿಂದ ಮೆಲ್ಲಗೆ ತಟ್ಟಿದರೆ ಆ ಕೊಳವೆಗಳಿಂದ ಎಳೆಗಳು ಹೊರಬಂದು ಗಿರ್ರನೆ ತಿರುಗುತ್ತವೆ. ಬೆಳೆದ ಗಂಡಿನ ಮೇಲ್ಭಾಗ ಕೆಂಪು ಕಿತ್ತಳೆ, ಅಡಿಭಾಗ ಬೆಳ್ಳಿ ಬಿಳಿ. ಹಾರುವಾಗ ಎರಡು ಬಣ್ಣ ಮಿನುಗಿ ಮಾಯವಾಗುತ್ತವೆ. ಮಾವಿನ ಮರಕ್ಕೆ ಬಂದಳಿಕೆ ಹತ್ತಿದ್ದರೆ ರೈತ ಬಯ್ಯುತ್ತಾನೆ, ಆದರೆ ಅಲ್ಲಿ ಕಾಮನ್ ಜೆಸೆಬೆಲ್ ಸಿಗುತ್ತದೆ. ಅದರ ಮೊಟ್ಟೆ ಬಂದಳಿಕೆ ಎಲೆಯ ಮೇಲೆ ಗುಂಪಾಗಿರುತ್ತವೆ, ಹುಳುಗಳೂ ಗುಂಪಾಗಿಯೇ ತಿನ್ನುತ್ತವೆ.

ಹನ್ನೊಂದೂವರೆಯ ಮೇಲೆ ಕಲ್ಲುಹಾಸು ಕಾದು ಬಯಲು ಖಾಲಿಯಾಗುತ್ತದೆ. ಆಗ ನೀರಿನ ಕಡೆ ತಿರುಗಬೇಕು. ಮಹಾಕೂಟದ ಪುಷ್ಕರಣಿಯಿಂದ ಹರಿದು ಹೋಗುವ ಕಾಲುವೆಯ ಆಚೆ ಈಚೆ, ಬಂಡೆಯ ಬುಡದಲ್ಲಿ ಜಿನುಗುವ ತೇವದಲ್ಲಿ ಎಮಿಗ್ರಂಟ್, ಗ್ರಾಸ್ ಯೆಲ್ಲೋ, ನೀಲಿಗಳು ಗುಂಪಾಗಿ ಕೂತು ಕೆಸರು ಹೀರುತ್ತವೆ. ಹೀರುವವು ಹೆಚ್ಚುಕಡಿಮೆ ಎಲ್ಲವೂ ಗಂಡು. ಮಕರಂದದಲ್ಲಿ ಸಿಗದ ಸೋಡಿಯಂ ಅವಕ್ಕೆ ಇಲ್ಲಿ ಸಿಗುತ್ತದೆ, ಅದರಲ್ಲಿ ಒಂದು ಪಾಲು ಕೂಡುವಾಗ ಹೆಣ್ಣಿಗೆ ಹೋಗುತ್ತದೆ. ಹರಿಯುವ ನೀರಿಗಿಂತ ದನ ಓಡಾಡಿದ, ಸಗಣಿ-ಗಂಜಲ ಬಿದ್ದ ತೇವದ ಅಂಚು ಅವಕ್ಕೆ ಇಷ್ಟ. ಭಕ್ತರು ಸೋಪು ಹಾಕಿ ಬಟ್ಟೆ ಒಗೆಯುವ ಕಡೆ ಕೂರುವುದಿಲ್ಲ. ಎರಡು ಮೂರು ಮೀಟರ್ ದೂರದಲ್ಲೇ ಕೂತು ಕಾದರೆ ಗುಂಪು ತಾನೇ ಬೆಳೆಯುತ್ತದೆ. ಒಂದು ಕೂತಲ್ಲಿ ಇನ್ನೊಂದು ಬರುವುದು ಇವುಗಳ ರೂಢಿ.

ಏನೂ ಸಿಗದ ದಿನಕ್ಕೆ ಕಾರಣಗಳು ಗೊತ್ತಿರುವಂಥವೇ. ಬೆಳಿಗ್ಗೆ ಮೋಡವಿದ್ದರೆ ಹಾರಾಟ ಒಂದೆರಡು ಗಂಟೆ ಮುಂದೆ ಹೋಗುತ್ತದೆ ಅಥವಾ ಆ ದಿನ ಇರುವುದೇ ಇಲ್ಲ. ಗುಡ್ಡದ ಮೇಲೆ ಗಾಳಿ ಎದ್ದರೆ ಪಾತರಗಿತ್ತಿಗಳು ಗಾಳಿ ಮರೆಯ ಕೊರಕಲಿಗೆ ಇಳಿಯುತ್ತವೆ, ಅಲ್ಲಿ ಹುಡುಕದೆ ಮೇಲೆಯೇ ಅಲೆದವರು ‘ಈ ವರ್ಷ ಇಲ್ಲ’ ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಪೆಟ್ಟು ಬೆಂಕಿ. ಫೆಬ್ರುವರಿ, ಮಾರ್ಚ್‌ನಲ್ಲಿ ಒಣಹುಲ್ಲಿಗೆ ಬಿದ್ದ ಕಿಡಿ ಗುಡ್ಡದ ಒಂದು ಪಾರ್ಶ್ವವನ್ನೇ ಸುಡುತ್ತದೆ. ಕ್ಯಾಪಾರಿಸ್ ಬೇರಿನಿಂದ ಮತ್ತೆ ಚಿಗುರುತ್ತದೆ, ಕೊಂಬೆಗೆ ಅಂಟಿದ್ದ ಕೋಶಗಳು ಮಾತ್ರ ಬೂದಿ. ಸುಟ್ಟ ಓರೆಯಲ್ಲಿ ಆ ಸಲ ಹುಡುಕುವುದು ಬಿಟ್ಟು, ಬೆಂಕಿ ದಾಟದ ಹಳ್ಳದ ಆಚೆ ಹೋಗಬೇಕು. ಇನ್ನೊಂದು ಕಾರಣ ಬೇಲಿಯದ್ದು. ಕೃಷ್ಣಾ ನೀರು ಬಂದ ಕಡೆಗಳಲ್ಲಿ ಬದುವಿನ ಮುಳ್ಳುಪೊದೆ ಕಿತ್ತು ತಂತಿ ಬೇಲಿ ಹಾಕುವುದು ಹೆಚ್ಚಾಗಿದೆ. ಕಬ್ಬಿನ ಹೊಲಕ್ಕೆ ಅದು ಅಚ್ಚುಕಟ್ಟು. ಆರೆಂಜ್ ಟಿಪ್‌ಗೆ ಅಲ್ಲಿ ಮೊಟ್ಟೆ ಇಡಲು ಒಂದು ಎಲೆಯೂ ಉಳಿದಿಲ್ಲ. ಒಂದೇ ಊರಿನ ನೀರಾವರಿ ಭಾಗ ಮತ್ತು ಒಣ ಭಾಗ ಎರಡರಲ್ಲೂ ಒಂದೇ ಬೆಳಿಗ್ಗೆ ನಡೆದರೆ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಬೀಳಗಿ-ಮುಧೋಳ ಕಡೆಯ ಯಡಹಳ್ಳಿ ಚಿಂಕಾರ ಅಭಯಾರಣ್ಯದ ಕುರುಚಲು ಒಳ್ಳೆಯದಿದೆ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು.

ದಾಖಲೆಗೆ ಬ್ರಿಟನ್ನಿನಲ್ಲಿ 1976ರಿಂದ ನಡೆದಿರುವ ಎಣಿಕೆಯ ಪದ್ಧತಿಯೇ ಸಾಕು, ಅದನ್ನು ರೂಪಿಸಿದ ಪೊಲಾರ್ಡ್ ಹೆಸರಿನಲ್ಲೇ ಪೊಲಾರ್ಡ್ ನಡಿಗೆ ಎನ್ನುತ್ತಾರೆ. ನಿಗದಿತ ದಾರಿ, ವಾರಕ್ಕೊಮ್ಮೆ, ಒಂದೇ ವೇಗ. ಎಣಿಸುವುದು ದಾರಿಯ ಎಡಬಲ ಸೇರಿ 5 ಮೀಟರ್ ಅಗಲ ಮತ್ತು ಮುಂದಿನ 5 ಮೀಟರ್ ಒಳಗೆ ಬಂದವನ್ನು ಮಾತ್ರ, ಹಿಂದಿನಿಂದ ಬಂದದ್ದನ್ನು ಬಿಟ್ಟುಬಿಡಬೇಕು. ಅಲ್ಲಿನ ಕನಿಷ್ಠ ಉಷ್ಣಾಂಶದ ನಿಯಮ ನಮಗೆ ಬೇಡ, ಬದಲಿಗೆ ಹನ್ನೊಂದೂವರೆಗೆ ನಡಿಗೆ ಮುಗಿಸುವ ನಿಯಮ ಹಾಕಿಕೊಳ್ಳಿ. ಪ್ರತಿ ಸಾಲಿನಲ್ಲಿ ಹೊತ್ತು, ಗಾಳಿ, ಮೋಡ, ಗಿಡ, ಅದರ ಚಿಗುರಿನ ಸ್ಥಿತಿ, ಮತ್ತು ‘ಹೊಸದು’, ‘ಸವೆದದ್ದು’, ‘ತಿಳಿಯದು’ ಎಂಬ ಮೂರರಲ್ಲಿ ಒಂದು ಇರಲಿ. ಏನೂ ಕಾಣದ ವಾರಕ್ಕೂ ಸೊನ್ನೆ ಬರೆಯಲೇಬೇಕು. ಸೊನ್ನೆಗಳ ನಂತರ ಬಂದ ಒಂದಕ್ಕೆ ಮಾತ್ರ ‘ಮೊದಲು’ ಎನ್ನುವ ಹಕ್ಕು. ಫೋಟೋಗಳನ್ನು ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ಜೀವಿ ದಾಖಲೆಯ ಜಾಲತಾಣಕ್ಕೆ ಏರಿಸುವಾಗ ಮೇಲ್ಭಾಗ, ಅಡಿಭಾಗ ಎರಡನ್ನೂ ಒಂದೇ ದಾಖಲೆಯಲ್ಲಿ ಸೇರಿಸಿ, ಇಲ್ಲದಿದ್ದರೆ ಎರಡು ಬೇರೆ ಪಾತರಗಿತ್ತಿ ಎಂದು ಲೆಕ್ಕವಾಗುತ್ತದೆ.

ಹೋಳಿ ಮುಗಿದ ಮೇಲೆ ವೇಳಾಪಟ್ಟಿ ಬದಲಿಸಿ. ಏಳೂವರೆಗೆ ಶುರು ಮಾಡಿ ಒಂಬತ್ತೂವರೆಗೆ ಮುಗಿಸಿ, ಬಯಲು ಬಿಟ್ಟು ಮಹಾಕೂಟದ ಕೆಳಗಿನ ಮರಗಳ ಸಾಲಿಗೆ ದಾರಿ ಹಾಕಿಕೊಳ್ಳಿ. ಕಕ್ಕೆ ಚಿಗುರುವುದು ಆಗಲೇ. ಚಿಗುರೆಲೆಯ ಮೇಲೆ ನೆಟ್ಟಗೆ ನಿಂತ, ಎರಡೂ ತುದಿ ಚೂಪಾದ ಬಿಳಿ ಮೊಟ್ಟೆ ಕಂಡರೆ ಕಾಮನ್ ಎಮಿಗ್ರಂಟ್‌ನ ಮುಂದಿನ ತಂಡಕ್ಕೆ ಮೂರ್ನಾಲ್ಕು ವಾರ ಎಂದು ಬರೆದಿಟ್ಟುಕೊಳ್ಳಿ.